ಯಂತ್ರದೋಣಿ ವಿಹಾರ: ಶರಾವತಿಯ ಹಿನ್ನೀರು, ಅಳಿವೆ ಮತ್ತು ಕರಾವಳಿ

ನಾಲ್ಕರಿಂದ ಹತ್ತು ಹನ್ನೆರಡು ಜನ ಕೂರಬಹುದಾದ, ಸಣ್ಣ ಎಂಜಿನ್ನಿನಿಂದ ಓಡುವ ದೋಣಿಯಲ್ಲಿ ನದಿ, ಹಿನ್ನೀರು, ಅಳಿವೆ ಅಥವಾ ದಡಕ್ಕೆ ಸಮೀಪದ ಕಡಲಿನಲ್ಲಿ ಸಂತೋಷಕ್ಕಾಗಿ ಕೈಗೊಳ್ಳುವ ಸಂಚಾರವನ್ನು ಯಂತ್ರದೋಣಿ ವಿಹಾರ ಎನ್ನಬಹುದು. ಕರ್ನಾಟಕದಲ್ಲಿ ಇದಕ್ಕೆ ತಕ್ಕ ನೀರು ಹೆಚ್ಚಾಗಿರುವುದು ಪಶ್ಚಿಮಘಟ್ಟದ ಜಲಾಶಯಗಳಲ್ಲಿ ಮತ್ತು ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಅಳಿವೆಗಳಲ್ಲಿ. ಈ ಎರಡೂ ಬಗೆಯ ನೀರನ್ನು ಒಂದೇ ಹೊಳೆಯಲ್ಲಿ ತೋರಿಸುವುದು ಶರಾವತಿ. ಘಟ್ಟದ ಮೇಲೆ ಅದರ ಮಟ್ಟವನ್ನು ಮಳೆಯೂ ವಿದ್ಯುತ್ ಉತ್ಪಾದನೆಯೂ ನಿರ್ಧರಿಸುತ್ತವೆ. ಘಟ್ಟದ ಕೆಳಗೆ ಆ ಕೆಲಸ ಕಡಲಿನ ಉಬ್ಬರ ಇಳಿತದ್ದು. ದೋಣಿಯ ಆಯ್ಕೆ, ಹೊರಡುವ ಹೊತ್ತು, ಎದುರಾಗುವ ಅಪಾಯ ಎಲ್ಲವೂ ಈ ವ್ಯತ್ಯಾಸವನ್ನು ಅವಲಂಬಿಸಿವೆ.

ಹೊಳೆಗಳ ಸ್ವರೂಪ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಪೂರ್ವಕ್ಕೂ ಪಶ್ಚಿಮಕ್ಕೂ ಹರಿಯುವ ಹೊಳೆಗಳ ನಡುವಿನ ಏಣಿನ ಮೇಲಿವೆ. ಸಾಗರಕ್ಕೆ ಸಮೀಪದ ವರದಮೂಲದಲ್ಲಿ ಹುಟ್ಟುವ ವರದಾ ನದಿ ಬನವಾಸಿಯನ್ನು ಬಳಸಿ, ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿಯ ಪಾಲಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ವಾಯವ್ಯಕ್ಕೆ ಹರಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಸುಮಾರು 128 ಕಿ.ಮೀ. ಪಯಣದ ಬಳಿಕ ಹೊನ್ನಾವರದಲ್ಲಿ ಅರಬ್ಬಿ ಸಮುದ್ರವನ್ನು ಕೂಡುತ್ತದೆ. ತುಂಗೆ ತೀರ್ಥಹಳ್ಳಿಯನ್ನು ಹಾದು ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆ.

ಮೂರರಲ್ಲಿ ಯಂತ್ರದೋಣಿಗೆ ಹೆಚ್ಚು ಒಗ್ಗುವುದು ಶರಾವತಿಯೇ. ವರದೆ ಮೂಲದ ಬಳಿ ಸಣ್ಣ ತೊರೆ. ಬೇಸಿಗೆಯಲ್ಲಿ ಅದರಲ್ಲಿ ದೋಣಿ ತೇಲುವಷ್ಟು ನೀರಿರುವುದಿಲ್ಲ. ತೀರ್ಥಹಳ್ಳಿಯ ಸುತ್ತಿನ ತುಂಗೆಯದು ಬಂಡೆಗಳ ಪಾತ್ರ. ಮಳೆಗಾಲದಲ್ಲಿ ಸೆಳೆತ ವಿಪರೀತ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಅಲ್ಲಲ್ಲಿ ಗುಂಡಿಗಳಷ್ಟೇ. ಅಲ್ಲಿ ಹರಿಗೋಲು, ತೆಪ್ಪಗಳು ಬಳಕೆಗೆ ಬಂದದ್ದು ಇದೇ ಕಾರಣಕ್ಕೆ. ಎಂಜಿನ್ನಿನ ದೋಣಿಗೆ ತುಂಗೆಯಲ್ಲಿ ಅವಕಾಶವಿರುವುದು ಗಾಜನೂರು ಅಣೆಕಟ್ಟೆಯ ಹಿನ್ನೀರಿನಂಥ ನಿಂತ ನೀರಿನಲ್ಲಿ ಮಾತ್ರ.

ಶರಾವತಿಯ ಕಥೆ ಬೇರೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಕಣಿವೆಗಳಲ್ಲಿ ಸುಮಾರು 300 ಚದರ ಕಿ.ಮೀ. ನೀರನ್ನು ಹರಡಿತು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಸಾಮರ್ಥ್ಯ 151 ಟಿಎಂಸಿ ಅಡಿಗಿಂತ ಹೆಚ್ಚು. ಗುಡ್ಡಗಳ ಸಂದುಗಳಿಗೆಲ್ಲ ನುಗ್ಗಿದ ಈ ನೀರಿನ ಅಂಚು ಕೈಕವಲುಗಳಾಗಿ ಒಡೆದಿದೆ. ಹಿಂದೆ ಗುಡ್ಡದ ನೆತ್ತಿಗಳಾಗಿದ್ದವು ಈಗ ನಡುಗಡ್ಡೆಗಳಾಗಿವೆ.

ಕಡವಿನಿಂದ ಲಾಂಚಿಗೆ

ಈ ಭಾಗದಲ್ಲಿ ಎಂಜಿನ್ ದೋಣಿ ಮೊದಲು ಬಂದದ್ದು ವಿಹಾರಕ್ಕಲ್ಲ, ಅನಿವಾರ್ಯಕ್ಕೆ. ಜಲಾಶಯ ತುಂಬಿದಾಗ ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಊರುಗಳು ತಾಲ್ಲೂಕು ಕೇಂದ್ರದಿಂದ ನೀರಿನಾಚೆಗೆ ಉಳಿದವು. ತುಮರಿ, ಬ್ಯಾಕೋಡು, ಸಿಗಂದೂರಿನ ಜನ ಆಸ್ಪತ್ರೆ, ಕಾಲೇಜು, ಸಂತೆಗೆ ಹೋಗಬೇಕಾದರೆ ಹಿನ್ನೀರನ್ನು ದಾಟಬೇಕಾಯಿತು. ಹೊಳೆಬಾಗಿಲಿನಲ್ಲಿ ಅಂಬಾರಗೊಡ್ಲು ಮತ್ತು ಕಳಸವಳ್ಳಿ ದಡಗಳ ನಡುವೆ ಓಡಿದ ಲಾಂಚು ಜನರ ಜೊತೆಗೆ ಕಾರು, ಬಸ್ಸುಗಳನ್ನೂ ಹೊತ್ತಿತು. ಹಲ್ಕೆ–ಮುಪ್ಪಾನೆ ಮತ್ತು ಹಸಿರುಮಕ್ಕಿಗಳಲ್ಲಿಯೂ ಇಂಥ ಲಾಂಚುಗಳು ನಡೆದವು. ಇವುಗಳನ್ನು ನೋಡಿಕೊಂಡದ್ದು ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಭಕ್ತರ ಸಂಖ್ಯೆ ಏರಿದಂತೆ ಹೊಳೆಬಾಗಿಲಿನ ಪಯಣವೇ ಪ್ರವಾಸದ ಒಂದು ಆಕರ್ಷಣೆಯಾಯಿತು. ಘಟ್ಟದ ಮೇಲಿನ ಬಹುಮಂದಿಗೆ ನೀರಿನ ಮೇಲಿನ ಮೊದಲ ಯಂತ್ರಸಂಚಾರದ ಅನುಭವ ಸಿಕ್ಕಿದ್ದು ಈ ಲಾಂಚಿನಲ್ಲಿಯೇ.

ಮುಳುಗಡೆಯ ಬದುಕನ್ನು ಸಾಗರದ ಕಾದಂಬರಿಕಾರ ನಾ. ಡಿಸೋಜ ಅವರು ತಮ್ಮ ಕೃತಿಗಳ ಮುಖ್ಯ ವಸ್ತುವಾಗಿಸಿಕೊಂಡರು. ಏರುವ ನೀರಿನ ನಡುವೆ ಉಳಿದ ಒಂದು ಕುಟುಂಬದ ಕಥೆಯಾದ ಅವರ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಚಲನಚಿತ್ರವಾಗಿಸಿದರು. ಹಿನ್ನೀರಿನಲ್ಲಿ ಈಗ ವಿಹಾರಕ್ಕೆ ತೆರಳುವವರ ದೋಣಿಯ ಅಡಿಯಲ್ಲಿ ಗದ್ದೆ, ತೋಟ, ಮನೆಗಳ ನೆಲೆಗಳಿವೆ ಎಂಬುದು ಈ ಜಲಾಶಯದ ಇತಿಹಾಸದಿಂದ ಬೇರ್ಪಡಿಸಲಾಗದ ಸಂಗತಿ.

ಘಟ್ಟದ ಕೆಳಗೆ ಜಲಮಾರ್ಗದ ಇತಿಹಾಸ ಇನ್ನೂ ಹಳೆಯದು. ಹೊನ್ನಾವರದಿಂದ ಗೇರುಸೊಪ್ಪೆಯವರೆಗಿನ ಸುಮಾರು 30 ಕಿ.ಮೀ. ಹೊಳೆಯಲ್ಲಿ ದೋಣಿಗಳು ನಿರಾತಂಕವಾಗಿ ಓಡಾಡುತ್ತಿದ್ದವು. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಅವಳ ನಾಡಿನ ಮೆಣಸು ಕಡಲಿಗೆ ಇಳಿಯುತ್ತಿದ್ದದ್ದು ಈ ಹೊಳೆಯ ದಾರಿಯಲ್ಲಿ. ಜೋಗವನ್ನು ನೋಡಲು ಕರಾವಳಿಯಿಂದ ಹೊರಟವರಿಗೂ ಹಿಂದೆ ಗೇರುಸೊಪ್ಪೆಯವರೆಗೆ ದೋಣಿ, ಅಲ್ಲಿಂದ ಮುಂದೆ ಘಟ್ಟದ ಏರುದಾರಿ ಎಂಬ ಕ್ರಮವಿತ್ತು.

ದೋಣಿ ಮತ್ತು ಎಂಜಿನ್

ಕರಾವಳಿಯ ಸಾಂಪ್ರದಾಯಿಕ ನಾಡದೋಣಿ, ಪಾತಿದೋಣಿಗಳು ಮರದವು. ಹೆಬ್ಬಲಸು, ಮಾವಿನಂಥ ಮರಗಳು ಇವುಗಳಿಗೆ ಬಳಕೆಯಾಗುತ್ತಿದ್ದವು. ಕಳೆದ ಕೆಲವು ದಶಕಗಳಲ್ಲಿ ಫೈಬರ್ ದೋಣಿಗಳು ಮರದ ಸ್ಥಾನವನ್ನು ಬಹುಮಟ್ಟಿಗೆ ಹಿಡಿದಿವೆ. ಫೈಬರಿನ ಒಡಲು ಹಗುರ. ಕೊಳೆಯುವುದಿಲ್ಲ, ಹುಳ ಹಿಡಿಯುವುದಿಲ್ಲ. ಆದರೆ ಬಂಡೆಗೆ ಬಡಿದರೆ ಬಿರುಕು ಬಿಡುತ್ತದೆ. ಬಿರುಕಿನೊಳಗೆ ನೀರು ಇಳಿದರೆ ಒಳಪದರಗಳು ಬಿಡಿಸಿಕೊಳ್ಳುತ್ತವೆ.

ಸಣ್ಣ ದೋಣಿಗೆ ಸಾಮಾನ್ಯವಾಗಿ ಜೋಡಿಸುವುದು ಔಟ್‌ಬೋರ್ಡ್ ಎಂಜಿನ್. ದೋಣಿಯ ಹಿಂಬದಿಯ ಹಲಗೆಗೆ ತೂಗುಹಾಕುವ ಈ ಯಂತ್ರದಲ್ಲಿ ಎಂಜಿನ್, ಪ್ರೊಪೆಲ್ಲರ್, ಚುಕ್ಕಾಣಿ ಎಲ್ಲವೂ ಒಂದೇ ಘಟಕ. ಆಳ ಕಡಿಮೆಯಾದಲ್ಲಿ ಇದನ್ನು ಮೇಲಕ್ಕೆ ಮಡಚಬಹುದು. ಮಟ್ಟ ಏರಿಳಿಯುವ ಹಿನ್ನೀರಿಗೂ ಮರಳುದಿಬ್ಬಗಳ ಅಳಿವೆಗೂ ಇದು ಒಗ್ಗುವುದು ಇದರಿಂದಲೇ. ಮೀನುಗಾರರ ದೋಣಿಗಳಲ್ಲಿ ಸೀಮೆಎಣ್ಣೆಯಿಂದ ಓಡುವ ಔಟ್‌ಬೋರ್ಡ್‌ಗಳು ಬಹುಕಾಲದಿಂದ ಬಳಕೆಯಲ್ಲಿವೆ. ವಿಹಾರದ ದೋಣಿಗಳಿಗೆ ಪೆಟ್ರೋಲಿನ ಫೋರ್‌ಸ್ಟ್ರೋಕ್ ಎಂಜಿನ್ ಹೆಚ್ಚು ಸೂಕ್ತ. ಅದರ ಸದ್ದೂ ಹೊಗೆಯೂ ಕಡಿಮೆ, ಇಂಧನದ ಜೊತೆ ಎಣ್ಣೆ ಬೆರೆಸುವ ಅಗತ್ಯವೂ ಇಲ್ಲ. ಲಾಂಚಿನಂಥ ದೊಡ್ಡ ವಾಹನಗಳಲ್ಲಿ ಎಂಜಿನ್ ಒಡಲಿನ ಒಳಗೇ ಇರುತ್ತದೆ. ಅವು ಡೀಸೆಲಿನಿಂದ ಓಡುತ್ತವೆ.

ದೋಣಿಯ ವೇಗವನ್ನು ಎಂಜಿನ್ನಿನ ಶಕ್ತಿಯೊಂದೇ ನಿರ್ಧರಿಸುವುದಿಲ್ಲ. ನೀರನ್ನು ಸೀಳಿಕೊಂಡು ಹೋಗುವ ಒಡಲಿಗೆ ಅದರ ಉದ್ದಕ್ಕೆ ತಕ್ಕ ಮಿತಿಯೊಂದಿದೆ. ನೀರುಮಟ್ಟದಲ್ಲಿ 16 ಅಡಿ ಉದ್ದದ ದೋಣಿಗೆ ಈ ಮಿತಿ ಸುಮಾರು 5.4 ನಾಟ್, ಅಂದರೆ ಗಂಟೆಗೆ 10 ಕಿ.ಮೀ. ಅದನ್ನು ಮೀರಿಸಲು ಎಂಜಿನ್ನನ್ನು ಹಿಂಡಿದರೆ ಇಂಧನ ಸುಡುತ್ತದೆ, ಅಲೆ ಏಳುತ್ತದೆ, ಓಟ ಮಾತ್ರ ಹೆಚ್ಚುವುದಿಲ್ಲ. ಅಡಿ ಚಪ್ಪಟೆಯಾದ ಸ್ಪೀಡ್ ಬೋಟು ಸಾಕಷ್ಟು ಶಕ್ತಿ ಸಿಕ್ಕಾಗ ನೀರಿನ ಮೇಲ್ಮೈಗೆ ಏರಿ ಜಾರುವುದರಿಂದ ಈ ಮಿತಿಯನ್ನು ದಾಟುತ್ತದೆ. ದಡವನ್ನು ನೋಡುತ್ತ ಸಾಗುವ ವಿಹಾರಕ್ಕೆ ಮೊದಲ ಬಗೆಯ ದೋಣಿಯೂ ಕಡಿಮೆ ಅಶ್ವಶಕ್ತಿಯ ಎಂಜಿನ್ನೂ ಸಾಲುತ್ತವೆ.

ಲಿಂಗನಮಕ್ಕಿ ಹಿನ್ನೀರು

ಹಿನ್ನೀರಿನಲ್ಲಿ ದೋಣಿ ನಡೆಸುವವರು ಮೊದಲು ತಿಳಿಯಬೇಕಾದದ್ದು ಆ ದಿನದ ಜಲಾಶಯದ ಮಟ್ಟ. ಜೂನ್‌ನಿಂದ ಏರತೊಡಗುವ ನೀರು ಒಳ್ಳೆಯ ಮಳೆಯ ವರ್ಷಗಳಲ್ಲಿ ಮಳೆಗಾಲದ ಕೊನೆಗೆ ಪೂರ್ಣ ಮಟ್ಟದ ಸಮೀಪಕ್ಕೆ ಬರುತ್ತದೆ. ಬಳಿಕ ವಿದ್ಯುತ್ತಿಗಾಗಿ ಬಿಟ್ಟಂತೆಲ್ಲ ಇಳಿಯುತ್ತ ಮೇ ಕೊನೆಗೆ ಹತ್ತಾರು ಅಡಿ ಕೆಳಗಾಗುತ್ತದೆ. ಅಕ್ಟೋಬರಿನಲ್ಲಿ ದೋಣಿ ಸಾಗಿದ ಕೈಕವಲು ಏಪ್ರಿಲಿನಲ್ಲಿ ಕೆಸರುಗದ್ದೆಯಾಗಿರಬಹುದು. ಮಳೆ ತಡವಾದ ವರ್ಷಗಳಲ್ಲಿ ಹೊಳೆಬಾಗಿಲಿನ ಲಾಂಚು ವಾಹನಗಳನ್ನು ಹತ್ತಿಸಿಕೊಳ್ಳುವುದನ್ನು ನಿಲ್ಲಿಸಬೇಕಾಗುತ್ತಿದ್ದದ್ದು ಇದೇ ಕಾರಣಕ್ಕೆ.

ನೀರು ಇಳಿದಾಗ ಕಾಣಿಸಿಕೊಳ್ಳುವುದು ಮುಳುಗಿದ ಮರಗಳ ಬೊಡ್ಡೆಗಳು. ಕಡಿಯದೆ ಬಿಟ್ಟ ಕಾಡಿನ ಕಾಂಡಗಳು ದಶಕಗಳ ಬಳಿಕವೂ ಕೊಳೆಯದೆ ನಿಂತಿವೆ. ನೀರು ಅವುಗಳ ತುದಿಗಿಂತ ಅರ್ಧ ಅಡಿ ಮೇಲಿರುವ ದಿನಗಳೇ ಹೆಚ್ಚು ಅಪಾಯದವು. ಬೊಡ್ಡೆ ಕಣ್ಣಿಗೆ ಬೀಳುವುದಿಲ್ಲ, ಪ್ರೊಪೆಲ್ಲರಿಗೆ ಮಾತ್ರ ಸಿಗುತ್ತದೆ. ಹಳೆಯ ಕಟ್ಟಡ, ಸೇತುವೆಗಳೂ ಹೀಗೆಯೇ. ಲಿಂಗನಮಕ್ಕಿಗಿಂತ ಮೊದಲು, 1940ರ ದಶಕದಲ್ಲಿ ಕಟ್ಟಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಹೊಸ ಜಲಾಶಯದಲ್ಲಿ ಮುಳುಗಿದೆ. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದರ ಸೈಫನ್ನುಗಳ ಸಾಲು ಮೇಲಕ್ಕೆ ಬರುತ್ತದೆ, ಅದನ್ನು ನೋಡಲು ಜನ ಸೇರುತ್ತಾರೆ. ಅಪರಿಚಿತ ಕೈಕವಲಿನಲ್ಲಿ ನಿಧಾನವಾಗಿ ಸಾಗುವುದು, ಮುಂಭಾಗದಲ್ಲಿ ಒಬ್ಬರು ನೀರನ್ನು ನೋಡುತ್ತ ಕೂರುವುದು, ಸ್ಥಳೀಯ ಮೀನುಗಾರರ ದಾರಿಯನ್ನೇ ಹಿಡಿಯುವುದು ಇಲ್ಲಿನ ರೂಢಿಯ ಎಚ್ಚರಿಕೆಗಳು.

ನಿಂತ ನೀರೆಂದು ಹಿನ್ನೀರನ್ನು ಹಗುರವಾಗಿ ಕಾಣುವಂತಿಲ್ಲ. ಮೈಲುಗಟ್ಟಲೆ ಅಡೆತಡೆಯಿಲ್ಲದ ನೀರಿನ ಮೇಲೆ ಗಾಳಿ ಬೀಸಿದರೆ ಗಿಡ್ಡನೆಯ, ಒತ್ತೊತ್ತಾದ ಅಲೆಗಳೇಳುತ್ತವೆ. ಅಂಚು ತಗ್ಗಿದ ದೋಣಿಯೊಳಕ್ಕೆ ಇವು ಸುಲಭವಾಗಿ ನುಗ್ಗುತ್ತವೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಗುಡುಗುಮಳೆ ಅರ್ಧ ಗಂಟೆಯೊಳಗೆ ಕವಿಯಬಲ್ಲದು. ಡಿಸೆಂಬರ್–ಜನವರಿಯ ಬೆಳಗಿನಲ್ಲಿ ಮಂಜು ಮುಸುಕಿ ಎದುರು ದಡ ಕಾಣದಾಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ, ಮಂಜು ಕರಗಿದ ಮೇಲಿನ ಬೆಳಗಿನ ಹೊತ್ತು ಇಲ್ಲಿ ದೋಣಿಗೆ ಪ್ರಶಸ್ತ. ಆಕಾಶ ತಿಳಿಯಾಗಿದ್ದರೆ ಹೊಸನಗರದ ಕಡೆಯ ನೀರಿನಿಂದ 1,343 ಮೀಟರ್ ಎತ್ತರದ ಕೊಡಚಾದ್ರಿ ಕಾಣುತ್ತದೆ.

ಹಿನ್ನೀರಿನ ಎಲ್ಲ ಭಾಗಕ್ಕೂ ಎಂಜಿನ್ ಹೊಂದುವುದಿಲ್ಲ. ಸಾಗರ ತಾಲ್ಲೂಕಿನ ಹೊನ್ನೇಮರಡು ಹೆಸರಾದದ್ದು ಕಯಾಕ್, ಹರಿಗೋಲುಗಳಂಥ ಹುಟ್ಟು ಹಾಕುವ ದೋಣಿಗಳ ತರಬೇತಿಗೆ. ಜೋಗಕ್ಕೆ ಸಮೀಪದ ತಳಕಳಲೆ ಜಲಾಶಯದ ದಡದಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಸಾಹಸ ಶಿಬಿರವಿದೆ. ಲಿಂಗನಮಕ್ಕಿಯ ನೀರು ವಿದ್ಯುದಾಗಾರಕ್ಕೆ ಇಳಿಯುವ ಮುನ್ನ ನಿಲ್ಲುವ ಸಮತೋಲನ ಜಲಾಶಯವಿದು. ಎಂಜಿನ್ ದೋಣಿಯಲ್ಲಿ ವನ್ಯಜೀವಿ ವೀಕ್ಷಣೆಗೆ ಹೆಸರಾದ ತಾಣಗಳು ಭದ್ರಾ ಜಲಾಶಯದ ಲಕ್ಕವಳ್ಳಿ ಮತ್ತು ಕಬಿನಿ. ಅಣೆಕಟ್ಟೆ, ನೀರುಗಂಡಿ, ವಿದ್ಯುದಾಗಾರಗಳ ಸಮೀಪದ ನೀರು ಎಲ್ಲೆಡೆ ನಿಷಿದ್ಧ ಪ್ರದೇಶ.

ಹೊನ್ನಾವರದ ಅಳಿವೆ

ಜೋಗದ ಜಲಪಾತವೂ ಅದರ ಕೆಳಗಿನ ಕಣಿವೆಯೂ ಇರುವುದರಿಂದ ಹಿನ್ನೀರಿನ ದೋಣಿ ಹೊಳೆಯ ಗುಂಟ ಕಡಲಿಗೆ ಇಳಿಯಲಾರದು. ಕೆಳಗಿನ ಸಂಚಾರ ಆರಂಭವಾಗುವುದು ಗೇರುಸೊಪ್ಪೆಯ ಟೇಲ್‌ರೇಸ್ ಅಣೆಕಟ್ಟೆಯ ಆಚೆಗೆ. ಅಲ್ಲಿಂದ ಹೊಳೆ ಅಡಿಕೆ, ತೆಂಗಿನ ತೋಟಗಳ ನಡುವೆ ಅಗಲವಾಗುತ್ತ, ಮಾವಿನಕುರ್ವೆಯಂಥ ಕುದ್ರುಗಳನ್ನು (ಹೊಳೆಯ ನಡುಗಡ್ಡೆಗಳನ್ನು) ಸುತ್ತುವರಿದು ಹೊನ್ನಾವರ ಮತ್ತು ಕಾಸರಕೋಡಿನ ನಡುವೆ ಕಡಲನ್ನು ಸೇರುತ್ತದೆ. ಕೊಂಕಣ ರೈಲುಮಾರ್ಗದ ಅತಿ ಉದ್ದದ ಸೇತುವೆ ಈ ಅಳಿವೆಯ ಮೇಲಿದೆ. ಅದರ ಉದ್ದ ಎರಡು ಕಿ.ಮೀ.ಗಿಂತ ಹೆಚ್ಚು. ಕಾಸರಕೋಡಿನ ಕಡೆ ಅರಣ್ಯ ಇಲಾಖೆ ಕಾಂಡ್ಲಾ (ಮ್ಯಾಂಗ್ರೋವ್) ವನದೊಳಗೆ ನಡಿಗೆಯ ಮರದ ದಾರಿಯನ್ನು ನಿರ್ಮಿಸಿದೆ. ಕಾಸರಕೋಡು ಕಡಲತೀರ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಬಳಿಕ ಪ್ರವಾಸಿಗರೂ, ಅವರನ್ನು ಹೊಳೆಯಲ್ಲಿ ಸುತ್ತಿಸುವ ದೋಣಿಗಳೂ ಹೆಚ್ಚಿವೆ.

ಇಲ್ಲಿನ ಗಡಿಯಾರ ಉಬ್ಬರ ಇಳಿತದ್ದು. ದಿನಕ್ಕೆ ಎರಡು ಬಾರಿ ನೀರು ಏರಿ ಎರಡು ಬಾರಿ ಇಳಿಯುತ್ತದೆ. ಪ್ರತಿದಿನ ಈ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಉಬ್ಬರದ ಜೊತೆ ಒಳಕ್ಕೆ ಹೋಗಿ, ಇಳಿತ ಆರಂಭವಾದ ಮೇಲೆ ಹೊರಕ್ಕೆ ಬರುವ ದೋಣಿಗೆ ಎರಡೂ ಬಾರಿ ನೀರೇ ನೆರವಾಗುತ್ತದೆ. ಇದನ್ನು ಲೆಕ್ಕಿಸದೆ ಕಾಂಡ್ಲಾ ನಡುವಿನ ಕಿರುಗಾಲುವೆಗೆ ನುಗ್ಗಿದವರು ಇಳಿತದಲ್ಲಿ ಕೆಸರಿನಲ್ಲಿ ಹೂತು ಮುಂದಿನ ಉಬ್ಬರದವರೆಗೆ ಕಾಯಬೇಕಾಗುತ್ತದೆ. ಗೇರುಸೊಪ್ಪೆಯಿಂದ ಬಿಡುವ ನೀರೂ ಹೊಳೆಯ ಮೇಲ್ಭಾಗದ ಸೆಳೆತವನ್ನು ಬದಲಿಸುತ್ತದೆ. ಮಳೆಗಾಲದಲ್ಲಿ ಅಣೆಕಟ್ಟೆಯ ಬಾಗಿಲು ತೆರೆಯುವ ಮುನ್ನ ಕೆಳದಂಡೆಯ ಜನರಿಗೆ ಮುನ್ಸೂಚನೆ ಕೊಡಲಾಗುತ್ತದೆ.

ಅಳಿವೆಯ ಬಾಯಿಯೇ ಇಡೀ ಸಂಚಾರದ ಅತಿ ಸೂಕ್ಷ್ಮ ಜಾಗ. ಹೊಳೆ ತಂದ ಮರಳೂ ಕಡಲು ತಳ್ಳಿದ ಮರಳೂ ಕೂಡಿ ಅಲ್ಲಿ ದಿಬ್ಬಗಳಾಗುತ್ತವೆ. ಅವು ಪ್ರತಿ ಮಳೆಗಾಲದ ಬಳಿಕ ಜಾಗ ಬದಲಿಸುತ್ತವೆ. ಇಳಿತದ ನೀರು ಹೊರಕ್ಕೆ ರಭಸದಿಂದ ನುಗ್ಗುವಾಗ ಕಡಲಿನ ಅಲೆ ಎದುರಾದರೆ ದಿಬ್ಬದ ಮೇಲೆ ಅಲೆಗಳು ಕಡಿದಾಗಿ ಮುರಿಯುತ್ತವೆ. ಅನುಭವಿ ಮೀನುಗಾರರ ದೋಣಿಗಳೂ ಇಲ್ಲಿ ಮಗುಚಿದ್ದುಂಟು. ವಿಹಾರದ ಸಣ್ಣ ದೋಣಿಗಳು ಬಾಯಿಯ ಒಳಗೇ ಉಳಿಯುವುದು ಕ್ಷೇಮ.

ಕಡಲಿಗೆ ಇಳಿಯುವ ವಿಹಾರಗಳು ಕರಾವಳಿಯಲ್ಲಿ ಬೇರೆ ಬೇರೆ ಕಡೆ ನೆಲೆಗೊಂಡಿವೆ. ಮಲ್ಪೆಯಿಂದ ಕಂಬಶಿಲೆಗಳ ಸೇಂಟ್ ಮೇರೀಸ್ ದ್ವೀಪಕ್ಕೆ, ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ, ಕಾರವಾರದಿಂದ ದೇವಬಾಗ ಮತ್ತು ಕೂರ್ಮಗಡಕ್ಕೆ ದೋಣಿಗಳು ಹೋಗುತ್ತವೆ. ಹೊನ್ನಾವರದ ಎದುರಿಗೆ ಕೋಟೆಯ ಅವಶೇಷಗಳಿರುವ ಬಸವರಾಜದುರ್ಗ ದ್ವೀಪವಿದೆ. ಕಡಲಿನಲ್ಲಿ ಬೆಳಗಿನ ಹೊತ್ತು ನೆಲದಿಂದ ಬೀಸುವ ಗಾಳಿ ಹಗುರ; ಮಧ್ಯಾಹ್ನದ ನಂತರ ಕಡಲಗಾಳಿ ಬಲಿತು ಅಲೆ ಏಳುತ್ತದೆ. ದ್ವೀಪಕ್ಕೆ ಹೊರಡುವ ದೋಣಿಗಳು ಬೆಳಿಗ್ಗೆಯೇ ಹೊರಡಬೇಕೆನ್ನುವುದು ಇದಕ್ಕಾಗಿ. ಜೂನ್‌ನಿಂದ ಮಳೆಗಾಲದುದ್ದಕ್ಕೂ ಈ ಸಂಚಾರಗಳು ನಿಲ್ಲುತ್ತವೆ.

ಸುರಕ್ಷತೆ ಮತ್ತು ನಿಯಮ

ಸಣ್ಣ ದೋಣಿಯ ಅವಘಡಗಳಿಗೆ ಎಂಜಿನ್ ಕೆಡುವುದಕ್ಕಿಂತ ಭಾರ ಹೆಚ್ಚುವುದು, ಜನ ಒಂದೇ ಬದಿಗೆ ಸರಿಯುವುದು, ಲೈಫ್ ಜಾಕೆಟ್ ಇಲ್ಲದಿರುವುದು ಹೆಚ್ಚಿನ ಕಾರಣ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಕಾರವಾರಕ್ಕೆ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ದೋಣಿಯಲ್ಲಿ ಮಿತಿ ಮೀರಿದ ಜನರಿದ್ದರು. ಆ ಬಳಿಕ ಕರಾವಳಿಯ ಪ್ರವಾಸಿ ದೋಣಿಗಳಲ್ಲಿ ಜಾಕೆಟ್ ಮತ್ತು ಜನರ ಸಂಖ್ಯೆಯ ಮಿತಿಯ ಮೇಲೆ ಗಮನ ಹೆಚ್ಚಿತು. ಜಾಕೆಟ್ಟನ್ನು ದೋಣಿಯಲ್ಲಿ ಇಟ್ಟಿದ್ದರೆ ಸಾಲದು. ಮಗುಚಿದ ದೋಣಿಯಲ್ಲಿ ಅದನ್ನು ಹುಡುಕಿ ತೊಡಲು ಸಮಯವಿರುವುದಿಲ್ಲ.

ಹೊರಡುವ ಮುನ್ನ ಇಂಧನವನ್ನು ಮೂರು ಪಾಲು ಮಾಡಿ ಒಂದು ಹೋಗಲು, ಒಂದು ಬರಲು, ಒಂದು ಆಪತ್ತಿಗೆ ಎಂದು ಲೆಕ್ಕ ಹಾಕುವುದು ಎಲ್ಲೆಡೆಯ ರೂಢಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿ ಒಂದು ಕಿಡಿ ಸಾಕು. ಎಂಜಿನ್ ನಡೆಸುವವರು ಕಿಲ್ ಸ್ವಿಚ್ಚಿನ ಹಗ್ಗವನ್ನು ಕೈಗೋ ಜಾಕೆಟ್ಟಿಗೋ ಸಿಕ್ಕಿಸಿಕೊಂಡಿರಬೇಕು. ಅವರು ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುತ್ತದೆ. ನೀರಿನಲ್ಲಿರುವವರನ್ನು ಎತ್ತಿಕೊಳ್ಳುವಾಗಲೂ ಪ್ರೊಪೆಲ್ಲರ್ ನಿಂತಿರಬೇಕು. ಲಂಗರು, ಉದ್ದದ ಹಗ್ಗ, ಒಂದು ಜೊತೆ ಹುಟ್ಟು, ನೀರು ಮೊಗೆಯುವ ಡಬ್ಬಿ, ಸೀಟಿ, ಟಾರ್ಚ್ ಇವು ಎಷ್ಟೇ ಸಣ್ಣ ಸಂಚಾರಕ್ಕೂ ಅಗತ್ಯ. ಉಪ್ಪುನೀರಿನಲ್ಲಿ ಓಡಿದ ಎಂಜಿನ್ನಿನ ತಂಪುಕೊಳವೆಗಳನ್ನು ಪ್ರತಿ ಬಾರಿಯೂ ಸಿಹಿನೀರಿನಿಂದ ತೊಳೆಯಬೇಕು.

ಎರಡು ಯಂತ್ರದೋಣಿಗಳು ಎದುರುಬದುರಾದರೆ ಎರಡೂ ತಮ್ಮ ಬಲಕ್ಕೆ ತಿರುಗಬೇಕು. ಹಿಂದಿನಿಂದ ಬಂದು ದಾಟುವ ದೋಣಿ ಮುಂದಿನದಕ್ಕೆ ದಾರಿ ಬಿಡಬೇಕು. ಭಾರತದ ಬಂದರುಗಳಲ್ಲಿ ಕಡಲಿನಿಂದ ಒಳಬರುವಾಗ ಕೆಂಪು ಬೋಯೆ ಎಡಕ್ಕೂ ಹಸಿರು ಬೋಯೆ ಬಲಕ್ಕೂ ಇರುತ್ತದೆ. ಒಳನಾಡಿನ ಯಂತ್ರನೌಕೆಗಳ ತಪಾಸಣೆ, ನೋಂದಣಿ, ನಡೆಸುವವರ ಅರ್ಹತೆಗಳನ್ನು ನಿಯಂತ್ರಿಸುವುದು 1917ರ ಹಳೆಯ ಕಾಯಿದೆಯ ಬದಲಿಗೆ ಬಂದ 2021ರ ಒಳನಾಡು ನೌಕೆಗಳ ಕಾಯಿದೆ. ಕಡಲಿನಲ್ಲಿ ಆಪತ್ತು ಒದಗಿದರೆ ತಟರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳಿಗೆ, ಒಳನಾಡಿನಲ್ಲಿ 112ಕ್ಕೆ ಕರೆ ಮಾಡಬಹುದು.

ಪರಿಸರ

ಹಿನ್ನೀರಿನ ಒಂದು ಭಾಗ 1972ರಲ್ಲಿ ಘೋಷಿತವಾದ ಶರಾವತಿ ಕಣಿವೆ ವನ್ಯಜೀವಿಧಾಮಕ್ಕೆ ಸೇರಿದೆ. 2019ರಲ್ಲಿ ಇದನ್ನು ಅಘನಾಶಿನಿ ಸಂರಕ್ಷಿತ ಪ್ರದೇಶದೊಂದಿಗೆ ಕೂಡಿಸಿ ಸಿಂಗಳೀಕಗಳ ಅಭಯಾರಣ್ಯವಾಗಿ ವಿಸ್ತರಿಸಲಾಯಿತು. ಅದರೊಳಗೆ ದೋಣಿ ಇಳಿಸಲು, ನಡುಗಡ್ಡೆಗಳಲ್ಲಿ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಎಂಜಿನ್ನಿನ ಸದ್ದು ಗೂಡು ಕಟ್ಟುವ ಹಕ್ಕಿಗಳನ್ನು ಎಬ್ಬಿಸುತ್ತದೆ; ಬೇಸಿಗೆಯಲ್ಲಿ ತೆರೆದುಕೊಳ್ಳುವ ನಡುಗಡ್ಡೆಗಳೇ ಜಲಾಶಯಗಳ ರೀವ (ಟರ್ನ್) ಹಕ್ಕಿಗಳಿಗೆ ಮೊಟ್ಟೆಯಿಡುವ ಜಾಗ. ಅಳಿವೆಯಲ್ಲಿ ವೇಗದ ದೋಣಿ ಎಬ್ಬಿಸುವ ಅಲೆ ಕುದ್ರುಗಳ ಮಣ್ಣಿನ ಅಂಚನ್ನು ಕೊರೆಯುತ್ತದೆ, ಎಳೆಯ ಕಾಂಡ್ಲಾ ಸಸಿಗಳನ್ನು ಕೀಳುತ್ತದೆ, ಮೀನುಗಾರರ ಪಾತಿದೋಣಿಗಳನ್ನು ಅಲುಗಿಸುತ್ತದೆ. ಬಲೆ ಕಟ್ಟಿದ ಜಾಗಗಳಲ್ಲೂ ಬೆಳಚು (ಚಿಪ್ಪುಮೀನು) ಹೆಕ್ಕುವವರು ನೀರಿಗಿಳಿದ ಜಾಗಗಳಲ್ಲೂ ಎಂಜಿನ್ನನ್ನು ನಿಧಾನಿಸಿ ಸಾಗಬೇಕಾಗುತ್ತದೆ.

ಈಚಿನ ಸ್ಥಿತಿ

2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ತೂಗುಕೇಬಲ್ ಸೇತುವೆ ಉದ್ಘಾಟನೆಯಾಯಿತು. ನೀರಿನಾಚೆಯ ಊರುಗಳ ಜನರ ದಶಕಗಳ ಬೇಡಿಕೆ ಇದರಿಂದ ಈಡೇರಿತು. ಹೊಳೆಬಾಗಿಲಿನಲ್ಲಿ ಲಾಂಚು ಅನಿವಾರ್ಯವಾಗಿ ಉಳಿಯಲಿಲ್ಲ. ಸೇತುವೆಯ ಬಳಿಕ ಅಲ್ಲಿನ ಎಂಜಿನ್ ದೋಣಿಗೆ ಉಳಿಯುವ ಮುಖ್ಯ ಉದ್ದೇಶ ವಿಹಾರವೇ. ಕೆಳಗಿನ ಹೊಳೆಯಲ್ಲಿ ಇದೇ ಬದಲಾವಣೆ ಹೆದ್ದಾರಿ, ರೈಲು ಸೇತುವೆಗಳೊಂದಿಗೆ ಮೊದಲೇ ಆಗಿದೆ: ಸಾಗಣೆ ರಸ್ತೆಗೆ ಸರಿಯಿತು, ನೀರಿನ ಮೇಲೆ ಮೀನುಗಾರಿಕೆಯೂ ಪ್ರವಾಸವೂ ಉಳಿದವು. ಲಾಂಚಿನ ಕಾಲದಲ್ಲಿ ನೀರಿನ ಮಟ್ಟ, ಭಾರದ ಮಿತಿ, ಗಾಳಿಯ ಲಕ್ಷಣಗಳನ್ನು ನೋಡಿಕೊಳ್ಳುವ ಹೊಣೆ ಇಲಾಖೆಯ ಸಿಬ್ಬಂದಿಯದಾಗಿತ್ತು. ವಿಹಾರದ ಸಣ್ಣ ದೋಣಿಯಲ್ಲಿ ಆ ಹೊಣೆ ದೋಣಿ ನಡೆಸುವವರ ಮೇಲೂ ಅದನ್ನು ಬಾಡಿಗೆಗೆ ಪಡೆಯುವವರ ಮೇಲೂ ಬೀಳುತ್ತದೆ.